ಫ್ರೆಂಚ್ ಕ್ರಿಯಾರೂಪಗಳ ಪಟ್ಟಿ: ಕನ್ನಡದ ನೆಲೆಯಿಂದ ಒಂದು ವಿಮರ್ಶೆ

ತಲಘಟ್ಟಪುರದಂತಹ ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಕನ್ನಡ ಮನೆಮಾತಿನ ವಿದ್ಯಾರ್ಥಿಗಳು ಫ್ರೆಂಚನ್ನು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ ಕಲಿಯುತ್ತಾರೆ. ಆರಂಭದ ಪಾಠಗಳಲ್ಲೊಂದು, 'ಮಾತಾಡು' ಎಂಬರ್ಥದ 'ಪಾರ್ಲೇ' ಧಾತುವಿನ ಆರು ರೂಪಗಳ ಪಟ್ಟಿ. ಈ ಬೋಧನಾಕ್ರಮದಲ್ಲಿ ಎರಡು ಕೊರತೆಗಳಿವೆ.

ಮೊದಲನೆಯದಾಗಿ, ಪಟ್ಟಿ ಬರಹದ್ದೇ ಹೊರತು ಮಾತಿನದಲ್ಲ. ವರ್ತಮಾನಕಾಲದ ರೂಪಗಳನ್ನು ಕನ್ನಡ ಲಿಪಿಯಲ್ಲಿ ಬರೆದರೆ 'ಜ ಪಾರ್ಲ್, ತ್ಯು ಪಾರ್ಲ್, ಇಲ್ ಪಾರ್ಲ್, ನೂ ಪಾರ್ಲೋಂ, ವೂ ಪಾರ್ಲೇ, ಇಲ್ ಪಾರ್ಲ್' ಎಂದಾಗುತ್ತದೆ. ಆರರಲ್ಲಿ ನಾಲ್ಕು ಕಿವಿಗೆ ಒಂದೇ. 'ಮಾತಾಡುತ್ತೇನೆ', 'ಮಾತಾಡುತ್ತೇವೆ' ಎಂಬಲ್ಲಿ ಪ್ರತ್ಯಯವೇ ಪುರುಷ, ವಚನಗಳನ್ನು ಸೂಚಿಸುವುದರಿಂದ ಕನ್ನಡದಲ್ಲಿ ಸರ್ವನಾಮವನ್ನು ಬಿಡಬಹುದು. ಫ್ರೆಂಚಿನಲ್ಲಿ ಆ ಹೊಣೆ ಸರ್ವನಾಮದ್ದು. ಇದನ್ನು ತಿಳಿಸದೆ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಕಾಗುಣಿತ ಬಂದೀತು, ವ್ಯಾಕರಣ ಬಾರದು.

ಎರಡನೆಯದು ಕಾಲಗಳ ವಿಷಯ. ಹಿಂದೆ ನಡೆಯುತ್ತಿದ್ದ ಕ್ರಿಯೆಗೂ ರೂಢಿಯ ಕ್ರಿಯೆಗೂ ಇಂಗ್ಲಿಷಿನಲ್ಲಿ ಬೇರೆ ಬೇರೆ ರಚನೆಗಳಿವೆ. ಫ್ರೆಂಚಿನ 'ಆಂಪಾರ್ಫೇ' ಎರಡಕ್ಕೂ ಸಲ್ಲುತ್ತದೆ. ಕನ್ನಡವೂ ಹಾಗೆಯೇ: 'ನೀನು ಬಂದಾಗ ಫೋನಿನಲ್ಲಿ ಮಾತಾಡುತ್ತಿದ್ದೆ', 'ಚಿಕ್ಕಂದಿನಲ್ಲಿ ತುಳು ಮಾತಾಡುತ್ತಿದ್ದೆ'. ಇನ್ನು 'ಪಾಸೇ ಕೊಂಪೋಜೇ'ಯ 'ಜೇ ಪಾರ್ಲೇ' ಎಂಬುದು ನಮ್ಮ 'ಮಾತಾಡಿದೆ', 'ಮಾತಾಡಿದ್ದೇನೆ' ಎರಡನ್ನೂ ಒಳಗೊಳ್ಳುತ್ತದೆ. 'ನಾಳೆ ಮಾತಾಡುತ್ತೇನೆ' ಎಂಬಲ್ಲಿ ವರ್ತಮಾನರೂಪ ಭವಿಷ್ಯವನ್ನು ಹೇಳುವಂತೆ ಫ್ರೆಂಚಿನಲ್ಲೂ ಹೇಳಬಹುದು. ಆದರೆ ಅಲ್ಲಿ 'ಜ ಪಾರ್ಲರೇ' ಎಂಬ ಪ್ರತ್ಯೇಕ ಭವಿಷ್ಯದ್ರೂಪವೂ ಬಳಕೆಯಲ್ಲಿದೆ. ಶಾಲಾ ವ್ಯಾಕರಣದ ತ್ರಿಕಾಲ ವಿಭಜನೆ ಕನ್ನಡಕ್ಕೆ ಹೊಂದದೆಂದು ಡಿ.ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ಆ ವಿಭಜನೆಯನ್ನೇ ನೆಚ್ಚಿದ ವಿದ್ಯಾರ್ಥಿಗೆ ತನ್ನ ಭಾಷೆಯ ಈ ಸಾಮ್ಯಗಳು ಕಾಣುವುದಿಲ್ಲ.

ಸಾಮ್ಯಕ್ಕೆ ಮಿತಿಯೂ ಉಂಟು. ಸ್ಥಿತಿವಾಚಕಗಳಲ್ಲಿ 'ಉತ್ತಿದ್ದ' ರೂಪ ಒದಗುವುದಿಲ್ಲ: 'ಜ ಸಾವೇ' ಎಂಬ ಆಂಪಾರ್ಫೇಗೆ ಕನ್ನಡದಲ್ಲಿ 'ನನಗೆ ಗೊತ್ತಿತ್ತು' ಎನ್ನಬೇಕು. ಲಿಪಿಗೂ ಮಿತಿಯಿದೆ. 'ವೂ ಪಾರ್ಲೇ'ಯ ಸಂವೃತ ಸ್ವರವನ್ನೂ ಆಂಪಾರ್ಫೇಯ 'ಜ ಪಾರ್ಲೇ'ಯಲ್ಲಿನ ವಿವೃತ ಸ್ವರವನ್ನೂ ನಮ್ಮ 'ಏ' ಬೇರ್ಪಡಿಸದು. ಅದನ್ನು ಕಿವಿಯಿಂದಲೇ ಕಲಿಯಬೇಕು.

ಆದ್ದರಿಂದ ಪಟ್ಟಿಯನ್ನು ಕೈಬಿಡಬೇಕಾಗಿಲ್ಲ. ಅದರ ಪಕ್ಕದಲ್ಲಿ ಇಂಗ್ಲಿಷಿನ ಬದಲು ಕನ್ನಡ ವಾಕ್ಯಗಳಿರಲಿ. ವಿದ್ಯಾರ್ಥಿ ಈಗಾಗಲೇ ಬಲ್ಲ ವ್ಯಾಕರಣವನ್ನು ತರಗತಿಯ ಹೊರಗಿಟ್ಟು ಮೂರನೆಯ ಭಾಷೆಯೊಂದರ ಮೂಲಕ ಅದನ್ನೇ ಮತ್ತೆ ಕಲಿಸುವುದು ಬೋಧನೆಯ ಮಿತವ್ಯಯವೆನಿಸದು.