ಸುಳಿ ತಿರುಗುವ ತಟ್ಟೆ

ಚಿಕ್ಕರಸಿನಕೆರೆಯ ಗೆಳೆಯನ ಮನೆಯಲ್ಲಿ ಬ್ಲ್ಯಾಕ್ ಸಬ್ಬತ್ ಎಂಬ ರಾಕ್ ತಂಡದ ಮೊದಲ ಎಲ್‌ಪಿ ಇದೆ, 1970ರ ವರ್ಟಿಗೋ ಕಂಪನಿಯ ಮುದ್ರಣ. ಅಂಚನ್ನಷ್ಟೇ ಅಂಗೈಗಳ ನಡುವೆ ಹಿಡಿದು, ಕಿಟಕಿ ಬೆಳಕಿಗೆ ಓರೆ ಮಾಡಿ ತೋರಿಸುತ್ತಾನೆ. ಮೆಲುದನಿಯಿರುವಲ್ಲಿ ಗೆರೆಗಳು ನುಣ್ಣನೆಯ ಕಪ್ಪು. ಗಿಟಾರು ಅಬ್ಬರಿಸುವಲ್ಲಿ ಬೂದಿಯಂತೆ ಮಿನುಗುತ್ತವೆ. ಹಾಡನ್ನು ಕಣ್ಣಲ್ಲೇ ಓದಬಹುದು!

ನಡುವಿನ ಲೇಬಲ್ಲಿನ ಕಪ್ಪುಬಿಳುಪು ಸುಳಿ ತಿರುಗತೊಡಗಿದರೆ, ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನಹಾಲು ಸುತ್ತಿದಂತೆ ನೋಟವನ್ನೇ ಒಳಗೆಳೆಯುತ್ತದೆ. ಮುಳ್ಳು ಇಳಿಯಿತು. ಮೊದಲು ಮಳೆ, ಗುಡುಗು, ದೂರದ ಗಂಟೆ. ಆಮೇಲೆ ತಂಡದ ಟೋನಿ ಅಯೋಮಿಯ ಗಿಟಾರು. ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡು, ಪ್ಲಾಸ್ಟಿಕ್ ಬಾಟಲಿ ಕರಗಿಸಿ ತಾನೇ ಟೊಪ್ಪಿಗೆ ಮಾಡಿಕೊಂಡು ನುಡಿಸಿದ ಕೈ ಅದು. ಆ ಭಾರ ನನಗೆ ಮೊಬೈಲಿನಲ್ಲಿ ಎಂದೂ ಸಿಕ್ಕಿಲ್ಲ.

ಒಂದು ಬದಿ ಮುಗಿದಾಗ ಕಾಲಭೈರವೇಶ್ವರನ ಗುಡಿಯ ಗಂಟೆ ಕೇಳಿಸಿತು. ಗೆಳೆಯ ತಟ್ಟೆ ಮಗುಚಿದ.