ಬಾಂದಗಲ್ಲು ಸರಿದ ಮೊದಲ ವರ್ಷ

ನವಲಗುಂದದ ಎರಿಹೊಲಗಳಲ್ಲಿ ಬಾಂದ ಒತ್ತುವವನು ಒಂದೇ ವರ್ಷಕ್ಕೆ ಎಕರೆ ನುಂಗುವುದಿಲ್ಲ. ಹರಗುವಾಗ ಒಂದೇ ಒಂದು ಸಾಲು ಆಚೆ ಹೋಗುತ್ತಾನೆ. ಬಾಜೂ ಹೊಲದವನು ಸುಮ್ಮನಿದ್ದರೆ ಮುಂದಿನ ವರ್ಷ ಆ ಸಾಲೇ ಬಾಂದ. ಸಂವಿಧಾನದ ಮೊದಲ ತಿದ್ದುಪಡಿಯನ್ನು ಓದುವಾಗಲೆಲ್ಲ ನನಗೆ ಈ ಸಾಲು ನೆನಪಾಗುತ್ತದೆ.

ಸಂವಿಧಾನ ಜಾರಿಯಾದದ್ದು 1950ರ ಜನವರಿ 26ಕ್ಕೆ. ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1951ರ ಜೂನ್ 18ಕ್ಕೆ. ಮೊದಲ ಸಾರ್ವತ್ರಿಕ ಚುನಾವಣೆಯೂ ಆಗಿರಲಿಲ್ಲ. ತಿದ್ದಿದ್ದು ಹಂಗಾಮಿ ಸಂಸತ್ತು. ಕಾರಣ ಕೋರ್ಟಿನ ತೀರ್ಪುಗಳು. ‘ಕ್ರಾಸ್ ರೋಡ್ಸ್’ ವಾರಪತ್ರಿಕೆಗೆ ಮದ್ರಾಸ್ ಸರ್ಕಾರ ಹಾಕಿದ್ದ ತಡೆಯನ್ನು 1950ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕಿತ್ತುಹಾಕಿತ್ತು. ‘ಸಾರ್ವಜನಿಕ ಸುವ್ಯವಸ್ಥೆ’ಯ ಹೆಸರಿನಲ್ಲಿ ಮಾತಿಗೆ ಕಡಿವಾಣ ಹಾಕಲು 19(2)ನೇ ವಿಧಿಯಲ್ಲಿ ಎಡೆಯಿಲ್ಲ ಎಂಬುದು ಆ ತೀರ್ಪಿನ ತಿರುಳು. ನೆಹರೂ ಸರ್ಕಾರ ಆ ಎರಡು ಪದಗಳನ್ನು ವಿಧಿಯೊಳಗೇ ಸೇರಿಸಿತು, ಅದೂ ಪೂರ್ವಾನ್ವಯವಾಗುವಂತೆ. ಆಗ ವಾರ್ತಾ ಮತ್ತು ಪ್ರಸಾರ ಖಾತೆ ನಮ್ಮ ಧಾರವಾಡದ ಆರ್.ಆರ್. ದಿವಾಕರರ ಕೈಯಲ್ಲಿತ್ತು. 1921ರಲ್ಲಿ ‘ಕರ್ಮವೀರ’ ಕಟ್ಟಿ, ಬ್ರಿಟಿಷರ ಜೈಲು ಕಂಡಿದ್ದ ಸಂಪಾದಕರು ಅವರು.

ಸದನದಲ್ಲಿ ಶ್ಯಾಮಪ್ರಸಾದ ಮುಖರ್ಜಿ, ಮಂಗಳೂರು ಮೂಲದ ಎಚ್.ವಿ. ಕಾಮತ್ ಅಂಥವರು ಎದುರು ನಿಂತರು. ನಿರ್ಬಂಧ ‘ಸಮಂಜಸ’ವಾಗಿರಬೇಕು ಎಂಬ ಪದ ಕಡೆಗೂ ಸೇರಿತು. ಇಂದಿಗೂ ಕೋರ್ಟುಗಳು ಸರ್ಕಾರವನ್ನು ತೂಗುವುದು ಆ ಒಂದು ಪದದ ತಕ್ಕಡಿಯಲ್ಲೇ. ಇದು ಸಣ್ಣ ಲಾಭವಲ್ಲ.

ಇನ್ನೂ ದೊಡ್ಡ ಲಾಭ ಭೂಮಿಯದು. ಜಮೀನುದಾರಿ ರದ್ದತಿಯ ಕಾನೂನುಗಳನ್ನು ಕೋರ್ಟಿನಿಂದ ಕಾಯಲು ಇದೇ ತಿದ್ದುಪಡಿ 31ಎ, 31ಬಿ ವಿಧಿಗಳನ್ನೂ ಒಂಬತ್ತನೇ ಅನುಸೂಚಿಯನ್ನೂ ತಂದಿತು. 1961ರ ಮೈಸೂರು ಭೂಸುಧಾರಣಾ ಕಾಯ್ದೆ 1964ರಲ್ಲಿ ಆ ಅನುಸೂಚಿಯ ಆಸರೆಗೆ ಹೋಯಿತು. 1974ರ ಬದಲಾವಣೆಗಳ ನಂತರ ಲಾವಣಿ ಮಾಡುತ್ತಿದ್ದ ಎಷ್ಟೋ ಜನರ ಹೆಸರು ಉತಾರದಲ್ಲಿ ಬಂತು. ನಮ್ಮ ಕಡೆ ಇದನ್ನು ಮರೆತು ಮಾತಾಡಿದರೆ ಉಂಡ ಮನೆಗೆ ಎರಡು ಬಗೆದಂತೆ.

ಆದರೆ ಹೊಲ ಕೊಡಲು ಬಾಯಿ ಕಟ್ಟಬೇಕಿರಲಿಲ್ಲ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದೇ ಈ ತಿದ್ದುಪಡಿಯ ದೋಷ. ಭೂಮಿ ಬೇಕೆಂದವರು ಇನ್ನೊಂದಕ್ಕೂ ಕೈ ಎತ್ತಬೇಕಾಯಿತು. ಅದಕ್ಕೂ ಮುನ್ನ ಪಂಜಾಬ್ ಹೈಕೋರ್ಟ್ ಅಸಿಂಧು ಎಂದಿದ್ದ ರಾಜದ್ರೋಹದ 124ಎ ಕಲಮು, 1962ರ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಬದುಕಿಕೊಂಡದ್ದು ಈ ‘ಸುವ್ಯವಸ್ಥೆ’ಯ ಬಲದಿಂದ. 2020ರಲ್ಲಿ ಬೀದರಿನ ಒಂದು ಶಾಲೆಯ ಮಕ್ಕಳ ನಾಟಕದ ಮೇಲೂ ಅದೇ ಕಲಮು ಬಿತ್ತು. ಹೈಕೋರ್ಟು ಪ್ರಕರಣ ರದ್ದು ಮಾಡುವಷ್ಟರಲ್ಲಿ 2023 ಬಂದಿತ್ತು. 1963ರ 16ನೇ ತಿದ್ದುಪಡಿ ‘ಸಾರ್ವಭೌಮತೆ, ಅಖಂಡತೆ’ಯ ಹೆಸರಿನಲ್ಲಿ ಇನ್ನೊಂದು ಸಾಲು ಹರಗಿತ್ತು.

ಎಲ್ಲ ತಪ್ಪನ್ನೂ 1951ರ ತಲೆಗೆ ಕಟ್ಟುವುದು ನ್ಯಾಯವಲ್ಲ. ಮಲಪ್ರಭಾ ಕಾಲುವೆಯ ಲೆವಿ ವಿರುದ್ಧ 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಸೇರಿದ ರೈತರ ಮೇಲೆ ಗುಂಡು ಹಾರಿತು, ಜೀವ ಹೋಯಿತು. ಸಭೆ ಸೇರುವ ಹಕ್ಕಿಗೆ ‘ಸುವ್ಯವಸ್ಥೆ’ಯ ಬೇಲಿ ಮೂಲ ಸಂವಿಧಾನದಲ್ಲೇ ಇತ್ತು. ಮಾತಿಗೆ ಆ ಬೇಲಿ ಇರಲಿಲ್ಲ; ಅದನ್ನು ಹಾಕಿದ್ದು ಮೊದಲ ತಿದ್ದುಪಡಿ. ಉತಾರದಲ್ಲಿ ಹೆಸರು ಬಂದವನಿಗೆ ಕರ ಕೇಳುವ ಕಚೇರಿಯ ಮುಂದೆ ನಿಂತು ಕೂಗುವ ಹಕ್ಕು ಹೊಲದಷ್ಟೇ ಮುಖ್ಯ ಎಂಬುದನ್ನು ಅಂದಿನ ಹಂಗಾಮಿ ಸದನ ಎಣಿಸಲಿಲ್ಲ.

ಹೊಸ ಪ್ರಜಾಪ್ರಭುತ್ವದಲ್ಲಿ ಮೊದಲ ತಿದ್ದುಪಡಿ ಉಳಿದವಕ್ಕೆ ರೂಢಿ ಹಾಕಿಕೊಡುತ್ತದೆ: ತೀರ್ಪು ಹಿಡಿಸದಿದ್ದರೆ ವಿಧಿಯನ್ನೇ ತಿದ್ದು. ಹೊಲದ ತಂಟೆಯಲ್ಲಿ ಮೋಜಣಿಯವರು ಬಂದಾಗ ಮೊದಲು ಕೇಳುವುದು ಹಳೇ ನಕಾಶೆ. ಮಾತಿನ ಹೊಲಕ್ಕೂ ಅಂಥದೊಂದು ನಕಾಶೆ ಇದೆ, 1950ರ ಮೇ ತಿಂಗಳ ಆ ತೀರ್ಪು. ಬಾಂದ ಎಲ್ಲಿತ್ತೆಂದು ಅದರಲ್ಲಿ ಇನ್ನೂ ಕಾಣುತ್ತದೆ.