ಮಾತು ಸೋಲುವಲ್ಲಿ ಹುಟ್ಟುವ ದನಿ: ಅಗಾತಾ ಜುಬೆಲ್ ಅವರ ಸಂಗೀತ

ಪಿಸುಗುಟ್ಟುವುದು, ಏದುಸಿರು ಬಿಡುವುದು, ಕಿರುಚುವುದು, ನಗುವುದು, ನಾಲಿಗೆ ಲೊಚಗುಟ್ಟುವುದು: ಗಂಟಲಿನಿಂದ ಹೊರಡುವ ಯಾವ ಸದ್ದೂ ಇಂದು ಪಶ್ಚಿಮದ ಸಂಗೀತ ವೇದಿಕೆಗೆ ಹೊರತಲ್ಲ. 1960ರ ದಶಕದಲ್ಲಿ ಇಟಲಿಯ ರಚನಕಾರ ಲೂಚಾನೋ ಬೇರಿಯೋ ಗಾಯಕಿ ಕ್ಯಾಥಿ ಬರ್ಬೇರಿಯನ್ ಅವರಿಗಾಗಿ ‘ಸೆಕ್ವೆಂಜಾ 3’ ಬರೆದಾಗಲೇ ಆ ಬಾಗಿಲು ಪೂರ್ತಿ ತೆರೆದಿತ್ತು. ಹಾಗಾಗಿ ಪ್ರಯೋಗಶೀಲ ಗಾಯಕಿಯೊಬ್ಬರು ಎಷ್ಟು ಬಗೆಯ ಸದ್ದು ಹೊರಡಿಸಬಲ್ಲರು ಎಂದು ಲೆಕ್ಕ ಹಾಕುವುದರಲ್ಲಿ ಈಗ ಅರ್ಥವಿಲ್ಲ. ಆ ಸದ್ದು ಯಾಕೆ ಬೇಕಾಯಿತು ಎಂದು ಕೇಳಬೇಕು. ಪೋಲೆಂಡಿನ ಸಂಗೀತ ರಚನಕಾರ್ತಿ, ಗಾಯಕಿ ಅಗಾತಾ ಜುಬೆಲ್ ನನಗೆ ಮುಖ್ಯರಾಗಿ ಕಾಣುವುದು ಈ ಪ್ರಶ್ನೆಗೆ ಅವರ ಒಳ್ಳೆಯ ಕೃತಿಗಳಲ್ಲಿ ಖಚಿತ ಉತ್ತರವಿರುವುದರಿಂದ. ಮಾತು ಎಲ್ಲಿ ಕೈಕೊಡುತ್ತದೆಯೋ ಅಲ್ಲಿಂದ ಅವರ ದನಿ ಕೆಲಸ ಶುರುಮಾಡುತ್ತದೆ.

ಜುಬೆಲ್ ಹುಟ್ಟಿದ್ದು 1978ರಲ್ಲಿ, ವ್ರೊತ್ಸ್ವಾಫ್ ನಗರದಲ್ಲಿ. ಮೊದಲು ಕಲಿತದ್ದು ತಾಳವಾದ್ಯ. ಆಮೇಲೆ ಅದೇ ಊರಿನ ಸಂಗೀತ ಅಕಾಡೆಮಿಯಲ್ಲಿ ರಚನೆ ಮತ್ತು ಗಾಯನ ಎರಡನ್ನೂ ಅಭ್ಯಾಸ ಮಾಡಿದರು. ಮುಂದೆ ಅಲ್ಲಿಯೇ ಅಧ್ಯಾಪಕಿಯಾದರು. 2001ರಲ್ಲಿ ರಚನಕಾರ ತ್ಸೆಜಾರಿ ದುಖ್ನೊಫ್ಸ್ಕಿ ಅವರೊಡನೆ ‘ಎಲೆಟ್ರೊವೋಚೆ’ ಜೋಡಿಯನ್ನು ಕಟ್ಟಿದರು. ಅದರಲ್ಲಿ ಒಬ್ಬರದು ಕಂಠ, ಇನ್ನೊಬ್ಬರದು ಎಲೆಕ್ಟ್ರಾನಿಕ್ಸ್. ತಾಳ, ಕಂಠ, ಯಂತ್ರ ಎಂಬ ಈ ಮೂರರ ನಂಟು ಅವರ ರಚನೆಗಳ ಉದ್ದಕ್ಕೂ ಕೇಳಿಸುತ್ತದೆ. ವ್ಯಂಜನಗಳನ್ನು ಅವರು ಪೆಟ್ಟಿನಂತೆ ನುಡಿಸುತ್ತಾರೆ. ಪದದ ಅರ್ಥಕ್ಕಿಂತ ಮೊದಲು ಅದರ ಗತಿ ನಮ್ಮನ್ನು ಮುಟ್ಟುತ್ತದೆ.

ಪೆಂಡೆರೆಟ್ಸ್ಕಿ, ಲುಟೊಸ್ವಾಫ್ಸ್ಕಿ ಅವರಂಥ ರಚನಕಾರರನ್ನು ಕೊಟ್ಟ ದೇಶ ಪೋಲೆಂಡ್. 1956ರಲ್ಲಿ ಶುರುವಾದ ‘ವಾರ್ಸಾ ಶರತ್ಕಾಲ’ ಉತ್ಸವ, ಅದರ ಮರುವರ್ಷವೇ ಪೋಲಿಷ್ ರೇಡಿಯೊ ತೆರೆದ ಪ್ರಯೋಗ ಸ್ಟುಡಿಯೊ ಎರಡೂ ಹೊಸ ಸಂಗೀತಕ್ಕೆ ಅಲ್ಲಿ ನೆಲೆ ಒದಗಿಸಿದ್ದವು. ಇಂಥ ಹಿರಿಯರ ಭಾರ ಹೆಗಲ ಮೇಲಿದ್ದೂ ಜುಬೆಲ್ ಆ ಹಿರಿಯರ ನೆರಳಾಗಲಿಲ್ಲ. ಲುಟೊಸ್ವಾಫ್ಸ್ಕಿ ‘ಡೆರ್ವಿಡ್’ ಎಂಬ ಗುಪ್ತನಾಮದಲ್ಲಿ ಬರೆದಿದ್ದ ಜನಪ್ರಿಯ ಹಾಡುಗಳನ್ನು ದುಖ್ನೊಫ್ಸ್ಕಿ ಮತ್ತು ಚೆಲ್ಲೊ ವಾದಕ ಆಂಜೆಯ್ ಬಾವರ್ ಜೊತೆ ಹೊಸದಾಗಿ ಹಾಡಿ ಧ್ವನಿಮುದ್ರಿಸಿದ್ದು, ಅವರು ಪರಂಪರೆಯನ್ನು ಎಷ್ಟು ಸಲಿಗೆಯಿಂದ, ಎಷ್ಟು ಪ್ರೀತಿಯಿಂದ ನೋಡುತ್ತಾರೆ ಎಂಬುದಕ್ಕೆ ಸಾಕ್ಷಿ.

ಆದರೆ ಅವರ ನಿಜವಾದ ಸಂಗಾತಿ ನಾಟಕಕಾರ ಸ್ಯಾಮುಯೆಲ್ ಬೆಕೆಟ್. ‘ಕಸ್ಕಾಂಡೊ’ (2007), ‘ನಾಟ್ ಐ’ (2010), ‘ವಾಟ್ ಈಸ್ ದ ವರ್ಡ್’ (2012) – ಮೂರಕ್ಕೂ ಬೆಕೆಟ್‌ನ ಬರಹವೇ ಆಧಾರ. ಇವುಗಳಲ್ಲಿ ‘ನಾಟ್ ಐ’ ಅವರ ಶ್ರೇಷ್ಠ ಕೃತಿ ಎಂದು ನಾನು ಹಿಂಜರಿಯದೆ ಹೇಳುತ್ತೇನೆ. 2013ರಲ್ಲಿ ಪ್ರಾಗ್‌ನಲ್ಲಿ ನಡೆದ ಅಂತರರಾಷ್ಟ್ರೀಯ ರಚನಕಾರರ ವೇದಿಕೆಯಲ್ಲಿ ಅದಕ್ಕೆ ಮೊದಲ ಸ್ಥಾನ ಸಿಕ್ಕಿತು. ಪ್ರಶಸ್ತಿಯನ್ನು ಬದಿಗಿಟ್ಟರೂ ಈ ಮಾತು ನಿಲ್ಲುತ್ತದೆ.

ಈ ಕೃತಿಗೆ ಆಧಾರವಾದ ಬೆಕೆಟ್‌ನ 1972ರ ಪುಟ್ಟ ನಾಟಕದಲ್ಲಿ ರಂಗವೆಲ್ಲ ಕತ್ತಲು. ಬೆಳಕು ಬೀಳುವುದು ಒಂದು ಬಾಯಿಯ ಮೇಲೆ ಮಾತ್ರ. ಬದುಕಿಡೀ ಹೆಚ್ಚುಕಡಿಮೆ ಮೂಕಳಾಗಿದ್ದ, ಎಪ್ಪತ್ತರ ಹತ್ತಿರದ ಹೆಂಗಸೊಬ್ಬಳ ಕಥೆ ಆ ಬಾಯಿಂದ ತಡೆಯಿಲ್ಲದೆ ಸುರಿಯುತ್ತದೆ. ಅದು ತನ್ನದೇ ಕಥೆ ಎಂದು ಮಾತ್ರ ಆ ಬಾಯಿ ಒಪ್ಪುವುದಿಲ್ಲ. ‘ನಾನು’ ಎನ್ನಬೇಕಾದಲ್ಲೆಲ್ಲ ‘ಅವಳು’ ಎನ್ನುತ್ತದೆ. 1973ರಲ್ಲಿ ಲಂಡನ್ನಿನಲ್ಲಿ ನಟಿ ಬಿಲ್ಲಿ ವೈಟ್‌ಲಾ ಇದನ್ನು ಉಸಿರುಗಟ್ಟಿಸುವ ವೇಗದಲ್ಲಿ ಆಡಿ ತೋರಿಸಿದ್ದರು. ಇಂಥ ಪಠ್ಯಕ್ಕೆ ಸ್ವರ ಹಚ್ಚುವುದರಲ್ಲಿ ಅಪಾಯವಿದೆ. ರಾಗ ಬಂದರೆ ಮಾಧುರ್ಯ ಬರುತ್ತದೆ. ಮಾಧುರ್ಯ ಬಂದರೆ ನೋವು ನಯವಾಗಿಬಿಡುತ್ತದೆ.

ಜುಬೆಲ್ ಈ ಅಪಾಯವನ್ನು ದಾಟಿದ ಬಗೆ ಗಮನಿಸುವಂಥದ್ದು. ಅವರು ಪಠ್ಯವನ್ನು ಹಾಡಾಗಿಸುವುದಿಲ್ಲ. ಪದಗಳು ನಡುವೆಯೇ ತುಂಡಾಗುತ್ತವೆ. ಪಿಸುಮಾತು, ಒಡೆದ ಅಕ್ಷರ, ಒಳಕ್ಕೆಳೆದ ಉಸಿರು ಒಂದರ ಹಿಂದೊಂದು ಬರುತ್ತವೆ. ವಾದ್ಯಗಳು ಆ ಚೂರುಗಳನ್ನು ಎತ್ತಿಕೊಂಡು ಮುಂದೊಯ್ಯುತ್ತವೆ. ನಡುವೆ ತುಂಬು ಕಂಠದ ಸ್ವರವೊಂದು ಮೇಲೆದ್ದರೆ ಅದು ಸಮಾಧಾನ ತರುವುದಿಲ್ಲ, ಇನ್ನಷ್ಟು ದಿಗಿಲು ಹುಟ್ಟಿಸುತ್ತದೆ. ಎಲೆಕ್ಟ್ರಾನಿಕ್ಸ್ ಆ ಒಂದೇ ದನಿಯನ್ನು ಹಲವಾಗಿ ಒಡೆಯುತ್ತದೆ. ಮಾತನಾಡುತ್ತಿರುವವಳು ಇವಳೋ, ಅವಳೋ ಎಂಬ ಗೊಂದಲ ನಾಟಕದಲ್ಲಿ ಬರಿಯ ವ್ಯಾಕರಣದಲ್ಲಿತ್ತು. ಇಲ್ಲಿ ಅದು ಕಿವಿಗೇ ಬಡಿಯುತ್ತದೆ. ರಂಗದ ಮೇಲಿನ ಒಬ್ಬ ನಟಿಗೆ ಸಾಧ್ಯವಿಲ್ಲದ್ದನ್ನು ಸಂಗೀತ ಇಲ್ಲಿ ಸಾಧಿಸಿದೆ. ಬೆಕೆಟ್‌ಗೆ ಅಲಂಕಾರ ತೊಡಿಸದೆ ಅವನ ತರ್ಕವನ್ನು ಇನ್ನೊಂದು ಹೆಜ್ಜೆ ಮುಂದೊಯ್ದ ಕೃತಿ ಇದು.

‘ವಾಟ್ ಈಸ್ ದ ವರ್ಡ್’ ಬಗ್ಗೆ ನನಗೆ ಅಷ್ಟು ತೃಪ್ತಿಯಿಲ್ಲ. ಪದಕ್ಕಾಗಿ ತಡಕಾಡುವ ಇದೇ ಬರಹವನ್ನು ಹಂಗೇರಿಯ ರಚನಕಾರ ಗ್ಯೋರ್ಗಿ ಕುರ್ತಾಗ್ ಎರಡು ದಶಕ ಮೊದಲೇ ಸಂಗೀತಕ್ಕೆ ತಂದಿದ್ದರು. ಅಪಘಾತದಲ್ಲಿ ಮಾತು ಕಳೆದುಕೊಂಡು ಕಷ್ಟಪಟ್ಟು ಮರಳಿ ಪಡೆದ ಇಲ್ದಿಕೊ ಮೋನ್ಯೋಕ್ ಎಂಬ ಕಲಾವಿದೆಗಾಗಿ ಅವರು ಅದನ್ನು ಬರೆದರು. ಅಲ್ಲಿಯ ತೊದಲಿಗೆ ಬದುಕಿನ ಗಾಯವಿದೆ. ಜುಬೆಲ್ ಅವರದು ಏನು ಬೇಕಾದರೂ ಮಾಡಬಲ್ಲ ಗಂಟಲು. ಆ ನೈಪುಣ್ಯ ಎದ್ದು ಕಾಣುವಾಗ, ಪದ ಸಿಗದವಳ ಸಂಕಟ ಕೊಂಚ ಹಿಂದೆ ಸರಿಯುತ್ತದೆ. ‘ನಾಟ್ ಐ’ಗೆ ಬೇಕಾದದ್ದು ಪ್ರವಾಹ, ಅದಕ್ಕೆ ಅವರ ಶಕ್ತಿ ಒದಗಿತು. ತಡವರಿಕೆ ಬೇಡುವುದೇ ಬೇರೆ.

ದೊಡ್ಡ ರಂಗಕೃತಿಗಳಲ್ಲಿ ಫಲ ಮಿಶ್ರ. ಮಾಯಾ ಕ್ಲೆಚೆಫ್ಸ್ಕಾ ನಿರ್ದೇಶನದಲ್ಲಿ 2012ರಲ್ಲಿ ವಾರ್ಸಾದಲ್ಲಿ ರಂಗಕ್ಕೆ ಬಂದ ‘ಒರೆಸ್ತೇಯಾ’ದಲ್ಲಿ ನಟರು, ಗಾಯಕರು, ವೃಂದಗಾನ, ತಾಳವಾದ್ಯ ಎಲ್ಲವೂ ಇವೆ. ಮೂಲ ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ರಕ್ತಸಿಕ್ತ ಲೋಕಕ್ಕೆ ತಾಳದ ಆರ್ಭಟ ಒಪ್ಪುತ್ತದೆ, ಆದರೆ ಒಂದು ದನಿಯನ್ನು ಹತ್ತಿರದಿಂದ ಆಲಿಸುವ ಸೂಕ್ಷ್ಮ ಅಲ್ಲಿ ಚದುರಿಹೋಗುತ್ತದೆ. ಜರ್ಮನ್ ನಾಟಕಕಾರ ಹೈನರ್ ಮ್ಯೂಲರ್‌ನ ಬರಹವನ್ನು ಆಧರಿಸಿದ ‘ಬಿಲ್ಡ್‌ಬೆಶ್ರೈಬುಂಗ್’ (2016) ಇದಕ್ಕಿಂತ ಗಟ್ಟಿ. ಚಿತ್ರವೊಂದನ್ನು ಪುಟಗಟ್ಟಲೆ ಒಂದೇ ವಾಕ್ಯದಲ್ಲಿ ಬಣ್ಣಿಸುವ ಪಠ್ಯ ಅದು. ಪಾತ್ರಗಳಿಲ್ಲ, ಸಂಭಾಷಣೆಯಿಲ್ಲ, ನೋಡುವ ಕಣ್ಣಿನ ತಳಮಳವಷ್ಟೇ ಇದೆ. ಎರಡು ಕಂಠಗಳು ಅದನ್ನು ಹೊರುತ್ತವೆ. ಕಥೆ ಹೇಳುವ ಹೊಣೆಯಿಲ್ಲದಾಗ ಜುಬೆಲ್ ಎಷ್ಟು ಸಲೀಸಾಗಿ ಹಿಗ್ಗುತ್ತಾರೆ ಎಂಬುದು ಇಲ್ಲಿ ತಿಳಿಯುತ್ತದೆ.

ಇನ್ನೊಂದು ಪ್ರಶ್ನೆ ಅವರ ಇಡೀ ಸಾಧನೆಗೆ ಸಂಬಂಧಿಸಿದ್ದು. ವಾಗ್ಗೇಯಕಾರರನ್ನು ಬಲ್ಲ ನಮಗೆ ರಚಿಸಿದವರೇ ಹಾಡುವುದು ಹೊಸತಲ್ಲ. ಕೃತಿ ಉಳಿಯುವುದು ಬೇರೆ ಗಂಟಲುಗಳಿಗೆ ದಾಟಿದಾಗ ಎಂಬುದೂ ಹೊಸತಲ್ಲ. ತನ್ನ ಕಂಠದ ಅಳತೆಗೇ ಬರೆದುಕೊಂಡ ಜುಬೆಲ್ ಅವರ ರಚನೆಗಳು ಹಾಗೆ ದಾಟಬಲ್ಲವೇ? ಐದು ದನಿಗಳ ‘ಮ್ಯಾಡ್ರಿಗಲ್ಸ್’ (2015) ದಾಟಬಲ್ಲವು ಎನ್ನುತ್ತದೆ: ಅಲ್ಲಿ ಒಬ್ಬಳ ಕಸುಬು ಐವರ ಸಂವಾದವಾಗಿದೆ. ಕಂಠವೇ ಇಲ್ಲದ ‘ಫೈರ್‌ವರ್ಕ್ಸ್’ ಎಂಬ ವಾದ್ಯವೃಂದ ಕೃತಿ 2018ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಕೇಳಿಬಂತು. ಪೋಲೆಂಡಿನ ಸ್ವಾತಂತ್ರ್ಯದ ನೂರನೇ ವರ್ಷಕ್ಕೆ ಬರೆದ ಈ ಕೃತಿಯೂ ಅವರ ಕಿವಿ ಗಂಟಲಿಗಷ್ಟೇ ಸೀಮಿತವಲ್ಲ ಎಂದು ತೋರಿಸಿತು. ಇನ್ನೊಂದೆಡೆ, ಗಾಯಕಿಯ ಹಾಲೊಗ್ರಾಮ್ ಮತ್ತು ವಾದ್ಯವೃಂದಕ್ಕಾಗಿ ಬರೆದ ‘ಔಟ್‌ಸೈಡ್ ದ ರೆಲ್ಮ್ ಆಫ್ ಟೈಮ್’ ನನ್ನನ್ನು ಚಿಂತೆಗೆ ಹಚ್ಚುತ್ತದೆ. ಅಳಿಯುವ ದನಿಯನ್ನು ಯಂತ್ರದಲ್ಲಿ ಉಳಿಸಿಕೊಳ್ಳುವ ಆಸೆ ಅರ್ಥವಾಗುವಂಥದ್ದೇ. ಆದರೆ ‘ನಾಟ್ ಐ’ ನಮ್ಮನ್ನು ಹಿಡಿಯುವುದು ಉಸಿರು ಎಲ್ಲಿ ಮುಗಿದುಬಿಡುತ್ತದೋ ಎಂಬ ಆತಂಕದಿಂದ. ಬಿಂಬಕ್ಕೆ ಆ ಆತಂಕವಿಲ್ಲ.

ಜುಬೆಲ್ ಅವರ ಕೃತಿಗಳಿಗೆ ಈಗ ಬೇಕಾಗಿರುವುದು ಹಾಲೊಗ್ರಾಮ್‌ಗಿಂತ ಹೆಚ್ಚಾಗಿ ಬೇರೆ ಗಾಯಕಿಯರು. ಕಿರಿಯಳೊಬ್ಬಳು ‘ನಾಟ್ ಐ’ಯನ್ನು ತನ್ನದೇ ಮಿತಿಗಳೊಡನೆ, ತನ್ನದೇ ಏದುಸಿರಿನೊಡನೆ ಹಾಡಲಿ. ಅದನ್ನು ತಾಳಿಕೊಳ್ಳುವ ಕಸುವು ಆ ರಚನೆಗಿದೆ ಎಂಬ ಭರವಸೆ ನನಗಿದೆ. ಅವರ ದೊಡ್ಡತನದ ಕೊನೆಯ ಪರೀಕ್ಷೆ ಅಲ್ಲೇ ನಡೆಯಬೇಕು.